ನೀರು ತಾಗಬಾರದ ನೆಲ

ನನ್ನ ಮೇಜಿನ ಮೇಲೆ ಒಂದು ಗೇಣು ಉದ್ದದ ಹಲಗೆಯ ತುಂಡೊಂದಿದೆ. ಉತ್ತರಪತ್ರಿಕೆಗಳು ಫ್ಯಾನಿನ ಗಾಳಿಗೆ ಹಾರದಿರಲೆಂದು ಅವುಗಳ ಮೇಲೆ ಅದನ್ನು ಇಡುತ್ತೇನೆ. ಮನೆಗೆ ಬಂದವರು ಅದನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, "ಸಾಗುವಾನಿಯಾ ಸರ್?" ಎಂದು ಕೇಳುತ್ತಾರೆ. ಅಲ್ಲವೆಂದು ಒಂದೇ ಮಾತಿನಲ್ಲಿ ಮುಗಿಸುವುದು ನನ್ನಿಂದಾಗುವುದಿಲ್ಲ. ಅದರ ಹೆಸರು ಲ್ಯಾಮಿನೇಟ್ ಎಂದೂ, ಮರದ ಹುಡಿಯನ್ನು ಅಂಟಿನೊಂದಿಗೆ ಬೆರೆಸಿ ಬಿಸಿಯಲ್ಲಿ ಒತ್ತಿ ಹಲಗೆ ಮಾಡುತ್ತಾರೆಂದೂ, ಆ ಹಲಗೆಯ ಮೇಲೆ ಒಳ್ಳೆಯ ಮರದ ಫೋಟೋವೊಂದನ್ನು ಅಂಟಿಸುತ್ತಾರೆಂದೂ, ಫೋಟೋ ಸವೆಯದಿರಲೆಂದು ಮೇಲೆ ಗಾಜಿನಂತಹ ಪದರವೊಂದನ್ನು ಕೊಡುತ್ತಾರೆಂದೂ ಕ್ರಮವಾಗಿ ವಿವರಿಸುತ್ತೇನೆ. ಮೂಡುಬಿದಿರೆಯ ಪದವಿಪೂರ್ವ ಕಾಲೇಜೊಂದರಲ್ಲಿ ಬಹಳ ವರ್ಷಗಳಿಂದ ವಾಣಿಜ್ಯಶಾಸ್ತ್ರ ಕಲಿಸುತ್ತಿರುವವನಿಗೆ ಈ ಅಭ್ಯಾಸವನ್ನು ಬಿಡುವುದು ಸುಲಭವಲ್ಲ. ಎಲ್ಲವನ್ನೂ ಕೇಳಿದ ಸಹೋದ್ಯೋಗಿಯೊಬ್ಬರು ಒಮ್ಮೆ, "ಅಂದರೆ ಒಳಗೆ ಹುಡಿ, ಮೇಲೆ ಫೋಟೋ" ಎಂದು ನಕ್ಕರು. ನಾನೂ ನಕ್ಕೆ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲನೆಯವನು. ಇಂತಹ ವರ್ಣನೆ ಕಿವಿಗೆ ಬಿದ್ದಾಗ, ಮಾತು ಹಲಗೆಯ ಕುರಿತಾದದ್ದೋ ನನ್ನ ಕುರಿತಾದದ್ದೋ ಎಂಬ ಸಣ್ಣ ಸಂಶಯ ನನಗೆ ಬರುವುದುಂಟು.

ನೆಲದ ವಿಷಯದಲ್ಲಿ ನಾನು ಇಷ್ಟು ತಿಳಿದವನಾಗುವುದಕ್ಕೆ ಕಾರಣ, ಅಮ್ಮ ಜಾರಿ ಬಿದ್ದದ್ದು.

ಅಮ್ಮ ಮುಂಡಾಜೆಯಲ್ಲಿ ನನ್ನ ಅಕ್ಕನ ಜೊತೆ ಇದ್ದವರು. ಅಕ್ಕನ ಮನೆ ಗುಡ್ಡದ ಬದಿಯಲ್ಲಿದೆ. ರಸ್ತೆಯಿಂದ ಅಂಗಳಕ್ಕೆ ಮುರಕಲ್ಲಿನಲ್ಲಿ ಕಡಿದ ಮೂವತ್ತಾರು ಮೆಟ್ಟಿಲುಗಳಿವೆ. ಅಮ್ಮನ ಮೊಣಕಾಲು ಕೈಕೊಟ್ಟ ಮೇಲೆ ಬೆಳ್ತಂಗಡಿಯ ವೈದ್ಯರು ಮೆಟ್ಟಿಲು ಹತ್ತಬಾರದೆಂದು ಹೇಳಿದರು. ಮೆಟ್ಟಿಲಿಲ್ಲದ ಮನೆ ನನ್ನದು. ಆದ್ದರಿಂದ ಕಳೆದ ಬೇಸಿಗೆಯಲ್ಲಿ ಅಮ್ಮನನ್ನು ನಾನು ಮೂಡುಬಿದಿರೆಗೆ ಕರೆದುಕೊಂಡು ಬಂದೆ. ಬೀಳ್ಕೊಡುವಾಗ ಅಕ್ಕ ನನ್ನನ್ನು ಬದಿಗೆ ಕರೆದು ಹೇಳಿದ ಮಾತು ಹೀಗಿತ್ತು:

"ನೋಡು, ದೀಪಾವಳಿಗೆ ನಾನು ಬರ್ತೇನೆ. ಅಮ್ಮನಿಗೆ ಅಲ್ಲಿ ಸರಿ ಆಗುವುದಿಲ್ಲ ಅಂತ ನನಗೆ ಕಂಡರೆ ವಾಪಸ್ ಕರ್ಕೊಂಡು ಬರ್ತೇನೆ. ಮೆಟ್ಟಿಲು ಇದ್ದರೆ ಎಂತ? ಕುರ್ಚಿಯಲ್ಲಿ ಕೂರಿಸಿ ಹೊತ್ತರಾಯಿತು."

ಅಮ್ಮ ನನ್ನ ಮನೆಯಲ್ಲಿ ನಿಲ್ಲಬೇಕೆಂಬುದು ನನ್ನ ಬಹಳ ದಿನದ ಆಸೆ. ಓದಿ ಕೆಲಸಕ್ಕೆ ಸೇರಿದ ಮಗನ ಮನೆಯಲ್ಲಿ ತಾಯಿ ನಿಲ್ಲುವುದಿಲ್ಲವೆಂದರೆ ಆ ಓದಿನಲ್ಲಿಯೇ ಏನೋ ಕೊರತೆ ಇದೆಯೆಂದು ಜನ ತಿಳಿಯಬಹುದೆಂದು ನಾನು ಯೋಚಿಸುತ್ತಿದ್ದೆ. ಜನ ಹಾಗೆ ತಿಳಿಯುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

ಮಳೆಗಾಲ ಹಿಡಿದ ಮೊದಲ ವಾರದಲ್ಲಿಯೇ ಅಮ್ಮ ಬಿದ್ದರು. ನಮ್ಮ ಕಡೆ ಜೂನ್ ತಿಂಗಳಲ್ಲಿ ಟೈಲ್ಸಿನ ನೆಲ ಬೆವರುತ್ತದೆ. ನೀರು ಚೆಲ್ಲಬೇಕೆಂದಿಲ್ಲ, ಗಾಳಿಯಲ್ಲಿರುವ ತೇವವೇ ಬಂದು ಕುಳಿತುಕೊಳ್ಳುತ್ತದೆ. ನಾನು ಮನೆ ಕಟ್ಟಿಸುವಾಗ ಮುಖ ಕಾಣುವಷ್ಟು ಹೊಳೆಯುವ ಬಿಳಿ ಟೈಲ್ಸನ್ನು ಆರಿಸಿದ್ದೆ; ಆಗಿನ ಪ್ರಾಂಶುಪಾಲರ ಮನೆಯಲ್ಲಿ ಅಂತಹದೇ ಇತ್ತು. ಅಮ್ಮ ಅಡುಗೆಮನೆಯಿಂದ ಬರುವಾಗ ಕಾಲು ಜಾರಿತು. ಮೂಳೆ ಮುರಿಯಲಿಲ್ಲ, ಬಲಗೈಯ ಮಣಿಕಟ್ಟು ಉಳುಕಿತು. ಅಕ್ಕನಿಗೆ ಫೋನಿನಲ್ಲಿ ವಿಷಯ ತಿಳಿಸಿದೆ. "ಇಲ್ಲಿ ಮೂವತ್ತಾರು ಮೆಟ್ಟಿಲಿನಲ್ಲಿ ಬೀಳದವರನ್ನು ನೀನು ಸಪಾಟು ನೆಲದಲ್ಲಿ ಬೀಳಿಸಿದೆಯಲ್ಲ ಮಾರಾಯ" ಎಂದಳು.

ನಾನು ಹುಟ್ಟಿ ಬೆಳೆದ ಮನೆಯ ನೆಲದಲ್ಲಿ ಯಾರೂ ಜಾರಿದ ನೆನಪಿಲ್ಲ. ಅದು ಸೆಗಣಿ ಸಾರಿಸಿದ ನೆಲ. ತೆಂಗಿನ ಗೆರಟೆಯನ್ನು ಸುಟ್ಟು ಅರೆದ ಮಸಿಯನ್ನು ಸೆಗಣಿಗೆ ಬೆರೆಸಿ, ಅಮ್ಮ ಒಳಗಿನ ಮೂಲೆಯಿಂದ ಆರಂಭಿಸಿ ಹಿಂದೆ ಹಿಂದೆ ಸರಿಯುತ್ತ ಬಾಗಿಲಿನ ತನಕ ಬರುತ್ತಿದ್ದರು. ನೆಲ ಒಣಗುವವರೆಗೆ ನಾನೂ ಅಕ್ಕನೂ ಹೊರಗೆ ಕಾಯಬೇಕಾಗಿತ್ತು. ಏಳನೆಯ ತರಗತಿಯ ಪರೀಕ್ಷೆಯ ದಿನ ನನ್ನ ಜ್ಯಾಮಿತಿ ಪೆಟ್ಟಿಗೆ ಒಳಗೆ ಉಳಿದುಹೋಗಿ, ಒಣಗದ ನೆಲದ ಮೇಲೆ ಓಡಿ ಅದನ್ನು ತಂದೆ. ಹೋಗುವ ಮೂರು ಹೆಜ್ಜೆ, ಬರುವ ಮೂರು ಹೆಜ್ಜೆ ಹಾಗೆಯೇ ಅಚ್ಚೊತ್ತಿ ಒಣಗಿದವು. ಮುಂದಿನ ಸಲ ಸಾರಿಸುವ ತನಕ ಅಮ್ಮ ಅವುಗಳನ್ನು ಅಳಿಸಲಿಲ್ಲ. ಬಂದವರು ಕೇಳಿದರೆ, "ನಮ್ಮ ಮಾಷ್ಟ್ರ ಹೆಜ್ಜೆ" ಎಂದು ಹೇಳುತ್ತಿದ್ದರು. ನಾನು ಮಾಷ್ಟ್ರಾಗುವುದಕ್ಕೆ ಇನ್ನೂ ಬಹಳ ವರ್ಷಗಳಿದ್ದವು.

ಆ ನೆಲ ಅಮ್ಮನಿಗೆ ಕೆಲಸದ ಜಾಗವೂ ಆಗಿತ್ತು. ನಮ್ಮ ಊರಿನ ಹೆಚ್ಚಿನ ಹೆಂಗಸರಂತೆ ಅಮ್ಮನೂ ಬೀಡಿ ಕಟ್ಟುತ್ತಿದ್ದರು. ಗೋಡೆಗೆ ಒರಗಿ, ಕಾಲು ಚಾಚಿ ಕುಳಿತು, ನಾವು ತಡ್ಪೆ ಎನ್ನುವ ಬಿದಿರಿನ ಮೊರವನ್ನು ತೊಡೆಯ ಮೇಲಿಟ್ಟುಕೊಂಡರೆ ಕೈಗಳು ತಮ್ಮಷ್ಟಕ್ಕೆ ನಡೆಯುತ್ತಿದ್ದವು. ಬೀಡಿಯ ಎಲೆ ಒಣಗಿದ್ದರೆ ಸುರುಟುವಾಗ ಒಡೆಯುತ್ತದೆ. ಆದ್ದರಿಂದ ಹಿಂದಿನ ದಿನವೇ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಿಸಿಲು ತಾಗದ ತಂಪು ಮೂಲೆಯಲ್ಲಿ ಇಡಬೇಕು. ಮಂಚದ ಅಡಿಯೇ ಅದಕ್ಕೆ ಸೂಕ್ತವಾದ ಸ್ಥಳ. ನನ್ನ ಪುಸ್ತಕಗಳೂ ಅಲ್ಲಿಯೇ ಇರುತ್ತಿದ್ದುದರಿಂದ ಅವುಗಳಿಗೆ ಹೊಗೆಸೊಪ್ಪಿನ ವಾಸನೆ ಹಿಡಿದಿತ್ತು. ಹಾಸ್ಟೆಲಿನ ವಾರ್ಡನ್ ಒಮ್ಮೆ ನನ್ನ ಲೆಕ್ಕಶಾಸ್ತ್ರದ ಪುಸ್ತಕವನ್ನು ಮೂಸಿ ನೋಡಿ, ಬೀಡಿ ಸೇದುವವರಿಗೆ ಇಲ್ಲಿ ಜಾಗವಿಲ್ಲವೆಂದು ಎಚ್ಚರಿಸಿದರು. ನಾನು ಸೇದುವುದಿಲ್ಲವೆಂದೆ. ಅಮ್ಮ ಕಟ್ಟುತ್ತಾರೆಂದು ಹೇಳಲಿಲ್ಲ. ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು; ಆದರೂ ಹೇಳಲಿಲ್ಲ. ಅಂದಿನಿಂದ ಪುಸ್ತಕಗಳ ನಡುವೆ ಕರ್ಪೂರದ ಉಂಡೆ ಇಡತೊಡಗಿದೆ.

ಅಮ್ಮ ಬಿದ್ದ ಮೇಲೆ ನನಗೆ ಮೊದಲು ತೋಚಿದ್ದು ಕಾರ್ಪೆಟ್. ಕಾರ್ಪೆಟ್ ಎಂಬುದನ್ನು ನಾನು ಮೊದಲು ಕಂಡದ್ದು ಗುರುವಾಯನಕೆರೆಯ ನನ್ನ ಸಹಪಾಠಿ ರಿಯಾಝನ ಮನೆಯಲ್ಲಿ. ಅವನ ತಂದೆ ಗಲ್ಫಿನಲ್ಲಿದ್ದರು. ಚಾವಡಿಯ ನಡುವೆ ಕೆಂಪು ಹೂವಿನ ದೊಡ್ಡ ಕಾರ್ಪೆಟ್ ಹಾಸಿತ್ತು. ನಾನು ಗೇಟಿನ ಬಳಿಯೇ ಚಪ್ಪಲಿ ಬಿಟ್ಟು, ನಳ್ಳಿಯಲ್ಲಿ ಕಾಲು ತೊಳೆದು, ಒಳಗೆ ಬಂದವನು ಅದನ್ನು ತುಳಿಯಬಾರದೆಂದು ಗೋಡೆಗೆ ಬೆನ್ನು ಉಜ್ಜಿಕೊಂಡು ಸುತ್ತಿ ಹೋಗಿ ಕುರ್ಚಿಯನ್ನು ತಲುಪಿದೆ. ರಿಯಾಝನ ತಾಯಿ, ಅವನ ಉಮ್ಮ, ಬಾಗಿಲಿನಲ್ಲಿ ನಿಂತು ನೋಡಿದರು. "ಎಂತ ಮೋನೆ, ಅದರಲ್ಲಿ ಹಾವು ಉಂಟಾ? ತುಳಿಯಲಿಕ್ಕೇ ಹಾಕಿದ್ದು ಅದು" ಎಂದರು. ಆಮೇಲೆ ತುಳಿದೆ. ಬೆಕ್ಕಿನ ಬೆನ್ನ ಮೇಲೆ ಕಾಲಿಟ್ಟಂತಾಯಿತು. ಇಂದಿಗೂ ಕಾರ್ಪೆಟ್ ಕಂಡರೆ ನನ್ನ ಕಾಲು ಒಮ್ಮೆ ಅಪ್ಪಣೆ ಕೇಳುತ್ತದೆ.

ಬಂಟ್ವಾಳದ ಬಿ.ಸಿ. ರೋಡಿನಲ್ಲಿ ನೆಲಕ್ಕೆ ಸಂಬಂಧಿಸಿದ ಎಲ್ಲವೂ ಸಿಗುವ ಅಂಗಡಿಯೊಂದಿದೆ. ಅವರು ಮನೆ ನೋಡಿ ಬರಲು ಅಬ್ಬಾಸ್ ಎಂಬ ಕೆಲಸಗಾರನನ್ನು ಕಳುಹಿಸಿದರು. ಶಾರ್ಜಾದಲ್ಲಿ ಹನ್ನೆರಡು ವರ್ಷ ಇದೇ ಕೆಲಸ ಮಾಡಿ ಬಂದವನು. ನೆಲಕ್ಕೆ ಬೆರಳಿನ ಗಂಟಿನಿಂದ ತಟ್ಟಿ, ಕಿವಿಕೊಟ್ಟು, ಉದ್ದದ ಪಟ್ಟಿಯೊಂದನ್ನು ಇಟ್ಟು ಅಡಿಯಿಂದ ಬೆಳಕು ಬರುತ್ತದೆಯೇ ಎಂದು ಕೆನ್ನೆ ತಾಗಿಸಿ ನೋಡಿದ.

"ಗೋಡೆಯಿಂದ ಗೋಡೆಗೆ ಕಾರ್ಪೆಟ್ ಬೇಡ ಮಾಷ್ಟ್ರೇ. ಅಲ್ಲಿ ಶಾರ್ಜಾದಲ್ಲಿ ಹೊಯಿಗೆ, ಮರಳು ಮಾತ್ರ, ಮಳೆ ಇಲ್ಲ. ಇಲ್ಲಿ ಆಟಿ ತಿಂಗಳಲ್ಲಿ ಗೋಡೆಗೇ ಬೂಷ್ಟು ಹಿಡಿಯುತ್ತದೆ, ಕಾರ್ಪೆಟನ್ನು ಬಿಡ್ತದಾ? ಬೇಕಾದರೆ ಸಣ್ಣದೊಂದು ಹಾಕಿ, ಎತ್ತಿ ಬಿಸಿಲಿಗೆ ಹಾಕಲಿಕ್ಕೆ ಆಗುವಂಥದ್ದು."

"ಹಾಗಾದರೆ ಜಾರದ ನೆಲ ಯಾವುದು?"

"ಲ್ಯಾಮಿನೇಟ್ ಹಾಕುವ. ಟೈಲ್ಸಿನಷ್ಟು ಜಾರುವುದಿಲ್ಲ. ಕಾಲಿಗೆ ತಂಪು ಹೊಡೆಯುವುದಿಲ್ಲ. ಬಿದ್ದರೂ ಅಷ್ಟು ಪೆಟ್ಟಾಗುವುದಿಲ್ಲ, ಅಡಿಗೆ ಸ್ಪಂಜಿನ ಹಾಳೆ ಬರ್ತದೆ. ಆದರೆ ಒಂದು ಮಾತು. ಅದರಲ್ಲಿ ನೀರು ನಿಲ್ಲಬಾರದು."

ಮೊದಲ ಮೂರು ಗುಣಗಳು ನನ್ನ ಮನಸ್ಸಿಗೆ ಇಳಿದವು. ನಾಲ್ಕನೆಯದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಂಗಡಿಯಲ್ಲಿ ಮಾದರಿಗಳನ್ನು ಬೀಗದ ಕೈಯಿಂದ ಗೀರಿ ನೋಡಿದೆ. ಕಪ್ಪು ಬಣ್ಣದಲ್ಲಿ ಧೂಳು ಕಾಣುತ್ತದೆ, ತೀರಾ ತಿಳಿಯಾದದ್ದರಲ್ಲಿ ಕಲೆ ಕಾಣುತ್ತದೆ ಎಂದು ತಿಳಿದುಕೊಂಡೆ. ಜೇನಿನ ಬಣ್ಣದ್ದನ್ನು ಆರಿಸಿದೆ. ಅಮ್ಮನಿಗಾಗಿ ಎಂದು ಎಲ್ಲರಿಗೂ ಹೇಳಿದೆ. ಮರದ ನೆಲದ ಮನೆಯಲ್ಲಿ ಸಹೋದ್ಯೋಗಿಗಳಿಗೆ ಚಹಾ ಕೊಡುವ ಚಿತ್ರವೂ ನನ್ನ ಮನಸ್ಸಿನಲ್ಲಿತ್ತೆಂಬುದನ್ನು ಈಗ ಒಪ್ಪಿಕೊಳ್ಳುವುದರಿಂದ ನಷ್ಟವೇನಿಲ್ಲ.

ತುಳುವರ ಆಷಾಢವಾದ ಆಟಿ ತಿಂಗಳಲ್ಲಿ ಹೊಸ ಕೆಲಸ ಆರಂಭಿಸಬಾರದೆಂದು ಅಮ್ಮ ತಡೆದರು. ಮಳೆ ಜೋರಿರುವಾಗ ಹಲಗೆ ಜೋಡಿಸಬಾರದೆಂದು ಅಬ್ಬಾಸನೂ ತಡೆದ. ಇಬ್ಬರೂ ಬೇರೆ ಬೇರೆ ಕಾರಣಗಳಿಂದ ಆಟಿ ಕಳೆದ ಮೇಲಿನ ಒಂದೇ ದಿನವನ್ನು ಸೂಚಿಸಿದರು. ಆ ದಿನ ಪೆಟ್ಟಿಗೆಗಳು ಬಂದವು. ಆದರೆ ಅಬ್ಬಾಸ್ ಅವುಗಳನ್ನು ಕೋಣೆಯಲ್ಲಿಟ್ಟು ಹೊರಟುಬಿಟ್ಟ.

"ಕೆಲಸ ಮಾಡುವುದಿಲ್ಲವಾ ಅಬ್ಬಾಸ್?" ಎಂದು ಅಮ್ಮ ಕೇಳಿದರು. ಅಮ್ಮ ಮಾತಾಡುವುದು ತುಳುವಿನಲ್ಲಿ. ನಾನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

"ಹಲಗೆ ಎರಡು ದಿನ ಸುಮ್ಮನೆ ಇರಬೇಕು ಅಮ್ಮ. ಈ ಮನೆಯ ಗಾಳಿ ಅಭ್ಯಾಸ ಆಗಬೇಕು. ಇಲ್ಲದಿದ್ದರೆ ಆಮೇಲೆ ಏಳುತ್ತದೆ."

"ಅದಕ್ಕೆ ಎರಡು ದಿನ ಸಾಕಾ?" ಎಂದರು ಅಮ್ಮ. "ನಾನು ಬಂದು ಮೂರು ತಿಂಗಳಾಯಿತು."

ಅಬ್ಬಾಸ್ ಜೋರಾಗಿ ನಕ್ಕ. ನನ್ನ ಹೆಂಡತಿ ವಿನಯಾಳೂ ನಕ್ಕಳು. ನಾನು ಪೆಟ್ಟಿಗೆಯ ಮೇಲಿನ ಬರಹವನ್ನು ಓದುತ್ತಿದ್ದೆ.

ಮೂರನೆಯ ದಿನ ಕೆಲಸ ಆರಂಭವಾಯಿತು. ಹಲಗೆಯ ಅಂಚಿಗೆ ಹಲಗೆಯನ್ನು ಓರೆಯಾಗಿ ಹಿಡಿದು ಒತ್ತಿದರೆ ಟಕ್ಕೆಂದು ಕೂರುತ್ತದೆ, ಮೊಳೆಯಿಲ್ಲ, ಅಂಟಿಲ್ಲ. ಗೋಡೆಯ ಸುತ್ತ ಒಂದು ಬೆರಳು ಜಾಗ ಬಿಟ್ಟು, ಅದರ ಮೇಲೆ ಪಟ್ಟಿ ಹೊಡೆದ. ಮಳೆಗೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಹಿಗ್ಗುವುದಕ್ಕೆ ಜಾಗ ಕೊಡದಿದ್ದರೆ ನಡುವೆ ಉಬ್ಬುತ್ತದೆ ಎಂದು ಹೇಳಿದ. ಚಾವಡಿ ಮತ್ತು ಎರಡು ಕೋಣೆಗಳು ಎರಡೇ ದಿನದಲ್ಲಿ ಮುಗಿದವು. ಮನೆ ನಿಜವಾಗಿಯೂ ಚೆನ್ನಾಗಿ ಕಂಡಿತು. ಅಮ್ಮ ಬಾಗಿಲಿನಿಂದ ಬಾಗಿಲಿಗೆ ಒಮ್ಮೆ ನಡೆದು ನೋಡಿ, "ಮೇಜಿನ ಮೇಲೆ ನಡೆದ ಹಾಗೆ ಆಗ್ತದೆ ಮಗಾ" ಎಂದರು. ಅದನ್ನು ನಾನು ಹೊಗಳಿಕೆಯೆಂದು ತಿಳಿದೆ.

ಆಮೇಲೆ ನಾನು ಮಾಡಿದ ಕೆಲಸವನ್ನು ಯಾವ ಮನೆಯವರೂ ಮಾಡಬಾರದು. ಒಂದು ಬಿಳಿ ಹಾಳೆಯಲ್ಲಿ ನಿಯಮಗಳನ್ನು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. 'ನೆಲದ ಮೇಲೆ ನೀರನ್ನು ಚೆಲ್ಲತಕ್ಕದ್ದಲ್ಲ. ಚೆಲ್ಲಿದಲ್ಲಿ ತತ್‌ಕ್ಷಣ ಒಣ ಬಟ್ಟೆಯಿಂದ ಒರೆಸತಕ್ಕದ್ದು. ಒದ್ದೆ ಪಾದಗಳಿಂದ ಪ್ರವೇಶಿಸತಕ್ಕದ್ದಲ್ಲ. ಕುರ್ಚಿಗಳನ್ನು ಎಳೆಯದೆ ಎತ್ತಿ ಇಡತಕ್ಕದ್ದು.' ಎರಡನೆಯ ತರಗತಿಯ ತನಕ ಓದಿದ ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ಇದು ಪಂಚಾಯತಿನಿಂದ ಬಂದದ್ದಾ?"

"ಅಲ್ಲ ಅಮ್ಮ, ನಾನೇ ಬರೆದದ್ದು."

"ಹಾಗಾದರೆ ಬಾಯಲ್ಲಿ ಹೇಳು ಮಾರಾಯ. ನಾನು ಇಲ್ಲೇ ಇದ್ದೇನಲ್ಲ."

ಬಾಯಲ್ಲಿಯೂ ಹೇಳಿದೆ. ಬಕೆಟಿನಲ್ಲಿ ಅದ್ದಿ ಒರೆಸುವ ಬಟ್ಟೆಯ ಬದಲು, ಗಟ್ಟಿಯಾಗಿ ಹಿಂಡಿದ ಚಪ್ಪಟೆ ಮಾಪ್ ಬಂದಿತು. ಕೈಯಿಂದ ಮುಟ್ಟಿದರೆ ಒದ್ದೆಯೆಂದು ಅನ್ನಿಸಬಾರದು, ಅಷ್ಟು ಮಾತ್ರ ತೇವ. ಕುರ್ಚಿ ಮೇಜುಗಳ ಕಾಲಿಗೆ ಉಣ್ಣೆಯ ಬಿಲ್ಲೆಗಳನ್ನು ಅಂಟಿಸಿದೆ. ಅಬ್ಬಾಸನ ಸಲಹೆಯಂತೆ ಚಾವಡಿಗೆ ಸಣ್ಣ ಕಾರ್ಪೆಟೊಂದನ್ನು ತಂದೆವು. ಬಿಸಿಲು ಕಂಡ ದಿನ ವಿನಯಾ ಅದನ್ನು ಕಂಪೌಂಡಿನ ಗೋಡೆಗೆ ಹಾಕಿ ಕೋಲಿನಿಂದ ಬಡಿಯುತ್ತಿದ್ದಳು. ಒಮ್ಮೆ ನನ್ನ ಕೈಯಿಂದಲೇ ಅದರ ಮೇಲೆ ಚಹಾ ಚೆಲ್ಲಿತು. ನಾನು ಗಾಬರಿಯಿಂದ ಉಜ್ಜತೊಡಗಿದಾಗ ಅಮ್ಮ ಕೈ ಹಿಡಿದರು. "ಉಜ್ಜಿದರೆ ಒಳಗೆ ಇಳಿಯುತ್ತದೆ. ಒತ್ತು. ಬಟ್ಟೆ ಬದಲಿಸಿ ಬದಲಿಸಿ ಒತ್ತು." ಕಲೆ ಹೋಯಿತು. ಅಂಗಡಿಯವರು ಕೊಟ್ಟ ಪುಸ್ತಕದಲ್ಲಿಯೂ ಅದನ್ನೇ ಬರೆದಿತ್ತೆಂದು ಆಮೇಲೆ ನೋಡಿದೆ.

ನಿಯಮಗಳಿಂದ ಹೆಚ್ಚು ತೊಂದರೆಗೊಳಗಾದವರು ನೆಂಟರು. ನಮ್ಮಲ್ಲಿ ಕಾಲು ತೊಳೆದುಕೊಂಡು ಮನೆಯೊಳಗೆ ಬರುವುದು ಮರ್ಯಾದೆ. ಚಾರ್ಮಾಡಿಯಿಂದ ಬಂದ ಸೋದರಮಾವ ಅಂಗಳದ ನಳ್ಳಿಯಲ್ಲಿ ಮೊಣಕಾಲಿನವರೆಗೆ ತೊಳೆದುಕೊಂಡು ಬಾಗಿಲಿಗೆ ಬಂದರು. ನಾನು ಟವೆಲ್ ಹಿಡಿದು ಅಡ್ಡ ನಿಂತೆ.

"ಎಂತ ಅಳಿಯ, ಕಾಲು ತೊಳೆದದ್ದು ಸಾಲದಾ?"

"ಅಲ್ಲ ಮಾವ, ಸ್ವಲ್ಪ ಒರೆಸಿಕೊಂಡರೆ..."

"ತೊಳೆಯದಿದ್ದರೂ ತಪ್ಪು, ತೊಳೆದರೂ ತಪ್ಪು. ಮುಂದಿನ ಸಲ ಕಾಲು ಊರಿನಲ್ಲೇ ಬಿಟ್ಟು ಬರ್ತೇನೆ" ಎಂದು ಅವರು ಹೊರಗಿನ ಸಿಟೌಟಿನಲ್ಲಿಯೇ ಕುಳಿತುಬಿಟ್ಟರು. ಅಮ್ಮನೂ ಅಲ್ಲಿಯೇ ಹೋಗಿ ಕುಳಿತರು. ಇಬ್ಬರೂ ಊಟದ ತನಕ ಅಲ್ಲಿಯೇ ಮಾತಾಡಿದರು. ಒಳಗೆ ಜೇನಿನ ಬಣ್ಣದ ನೆಲ ಖಾಲಿಯಾಗಿತ್ತು.

ಈ ನಡುವೆ ಅಮ್ಮನ ಮಣಿಕಟ್ಟು ಗುಣವಾಗಿತ್ತು. ಮೂಡುಬಿದಿರೆಗೆ ಬರುವಾಗ ಅವರು ತಡ್ಪೆಯನ್ನೂ ಕತ್ತರಿಯನ್ನೂ ಸೀರೆಯಲ್ಲಿ ಸುತ್ತಿ ತಂದಿದ್ದರು. ಬೀಳುವ ಮೊದಲು ದಿನಾ ತಮ್ಮ ಹಿಂಬದಿಯ ಕೋಣೆಯ ನೆಲದಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದರು; ನೆರೆಮನೆಯ ಸುಂದರಿಯಕ್ಕ ತಮ್ಮ ಬೀಡಿಯ ಜೊತೆ ಅದನ್ನೂ ಕಂಪನಿಯವರು ಬೀಡಿ ಪಡೆಯುವ ಬ್ರಾಂಚಿಗೆ ಕೊಂಡುಹೋಗಿ, ಎಲೆ ಹೊಗೆಸೊಪ್ಪು ತಂದುಕೊಡುತ್ತಿದ್ದರು. ಹೊಸ ನೆಲ ಬಂದ ಮೇಲೆ ತಡ್ಪೆ ಕಾಣಲಿಲ್ಲ. ನಾನು ಕಟ್ಟಬೇಡಿ ಎಂದು ಹೇಳಿರಲಿಲ್ಲ. ಹೇಳದಿದ್ದುದಕ್ಕೆ ಸಮಾಧಾನಪಟ್ಟಿದ್ದೆ. ಒಂದು ದಿನ ಕೇಳಿದಾಗ ಅಮ್ಮ, "ಕೈ ನೋವು" ಎಂದರು. ಅದೇ ಕೈಯಲ್ಲಿ ಅವರು ತೆಂಗಿನಕಾಯಿ ತುರಿಯುತ್ತಿದ್ದರು. ಅದನ್ನು ನಾನು ಕಂಡಿದ್ದೆ. ನನಗೆ ಅನುಕೂಲವಾದ ಉತ್ತರ ಸಿಕ್ಕಿದ್ದುದರಿಂದ ಮುಂದೆ ಕೇಳಲಿಲ್ಲ.

ಸುಮಾರು ಒಂದೂವರೆ ತಿಂಗಳ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ಅಮ್ಮನ ಕೋಣೆಯಲ್ಲಿ ಮಂಚದ ಬಳಿ ನನ್ನ ಹೆಬ್ಬೆರಳಿಗೆ ಏನೋ ತಾಗಿತು. ಬಗ್ಗಿ ನೋಡಿದರೆ ಹಲಗೆಗಳ ಅಂಚು ಒದ್ದೆಯಾದ ಪುಸ್ತಕದ ರಟ್ಟಿನಂತೆ ಉಬ್ಬಿತ್ತು. ನಾನು ಕಿಟಕಿಯನ್ನು ಸಂಶಯಿಸಿದೆ, ಮಾಪನ್ನು ಸಂಶಯಿಸಿದೆ, ವಿನಯಾಳನ್ನು ಎರಡು ಪ್ರಶ್ನೆ ಕೇಳಿದೆ. "ನಿಮ್ಮ ನೆಲದ ವಿಚಾರಣೆಗೆ ನಾನು ಸಾಕ್ಷಿ ಹೇಳುವುದಿಲ್ಲ" ಎಂದು ಅವಳು ಅಡುಗೆಮನೆಗೆ ಹೋದಳು. ಕೊನೆಗೆ ಅಬ್ಬಾಸನಿಗೆ ಫೋನ್ ಮಾಡಿದೆ. ಮಧ್ಯಾಹ್ನಕ್ಕೆ ಬಂದ.

ಮಂಚ ಸರಿಸಿ, ಗೋಡೆಯ ಪಟ್ಟಿ ಬಿಚ್ಚಿ, ಅವನು ನಾಲ್ಕು ಹಲಗೆಗಳನ್ನು ಎತ್ತಿದ. ಅಮ್ಮ ಬಾಗಿಲಿನಲ್ಲಿ ನಿಂತಿದ್ದರು. ಹಲಗೆಯನ್ನು ಬೆಳಕಿಗೆ ಹಿಡಿದ ಅಬ್ಬಾಸ್ ಅದನ್ನು ಮೂಗಿನ ಹತ್ತಿರ ಒಯ್ದ. ಆಮೇಲೆ ಅಮ್ಮನ ಕಡೆಗೆ ನೋಡಿದ. ಅಮ್ಮ ಅವನ ಕಡೆಗೆ ನೋಡಿದರು.

"ಕಿಟಕಿಯಿಂದ ಎರಚಲು ಹೊಡೆದದ್ದು ಮಾಷ್ಟ್ರೇ" ಎಂದ ಅಬ್ಬಾಸ್. "ಮಳೆಗಾಲ ಅಲ್ಲವಾ."

ಕಿಟಕಿ ಎದುರಿನ ಗೋಡೆಯಲ್ಲಿತ್ತು. ಉಬ್ಬಿದ ಜಾಗ ಗೋಡೆಯ ಮೂಲೆಯಲ್ಲಿ, ಒಂದು ದಿಂಬಿನಷ್ಟು ಚೌಕದಲ್ಲಿ ಮಾತ್ರ ಇತ್ತು. ಹಲಗೆಯ ಸಂದಿನಲ್ಲಿ ಕಂದು ಬಣ್ಣದ ಹುಡಿ ಕೂತಿತ್ತು. ಅದನ್ನು ಮೂಸಿ ನೋಡುವ ಅಗತ್ಯ ನನಗಿರಲಿಲ್ಲ. ನಾನು ಅದೇ ವಾಸನೆಯಲ್ಲಿ ಓದಿ ಬೆಳೆದವನು. ಆದರೂ, ನಾನು ವಿಷಯ ತಿಳಿಯದವನಂತೆ, "ಅಬ್ಬಾಸ್, ಮಳೆಯ ನೀರು ಹೀಗೆ ಚೌಕವಾಗಿ ಬೀಳುತ್ತದೆಯೇ?" ಎಂದು ಕೇಳಿದೆ. ತರಗತಿಯಲ್ಲಿ ಹುಡುಗರನ್ನು ಕೇಳುವ ಧ್ವನಿಯಲ್ಲಿ ಕೇಳಿದೆ.

ಉತ್ತರಿಸಿದವರು ಅಮ್ಮ.

"ಅವನನ್ನು ಯಾಕೆ ಕೇಳುವುದು? ನಾನು ಇಟ್ಟದ್ದು. ಎಲೆಯ ಕಟ್ಟು. ಅಡಿಗೆ ಪ್ಲಾಸ್ಟಿಕ್ ಹಾಕಿದ್ದೆ, ಅದರಲ್ಲಿ ಒಟ್ಟೆ ಇತ್ತು ಅಂತ ಕಾಣ್ತದೆ."

"ಯಾವಾಗ ಕಟ್ಟುತ್ತೀರಿ?"

"ನೀನು ಕಾಲೇಜಿಗೆ ಹೋದ ಮೇಲೆ. ಸುಂದರಿ ಹಿಂದಿನ ಬಾಗಿಲಿಗೆ ಬರ್ತಾಳೆ. ನೀನು ಬರುವ ಹೊತ್ತಿಗೆ ಗುಡಿಸಿ ಇಡ್ತೇನೆ."

ವಿನಯಾ ಅಡುಗೆಮನೆಯ ಬಾಗಿಲಿನಲ್ಲಿ ಬಂದು ನಿಂತಿದ್ದಳು. ಅವಳ ಮುಖ ನೋಡಿದರೆ, ಈ ವಿಷಯ ತಿಳಿಯದೆ ಇದ್ದವನು ಮನೆಯಲ್ಲಿ ನಾನೊಬ್ಬನೇ ಎಂದು ಗೊತ್ತಾಗುತ್ತಿತ್ತು.

"ನನ್ನಿಂದ ಅಡಗಿಸಿ ಮಾಡುವ ಅಗತ್ಯವೇನಿತ್ತು ಅಮ್ಮ? ನಾನು ಬೇಡವೆಂದು ಹೇಳಿದ್ದೇನೆಯೇ?"

"ನೀನು ಹೇಳಲಿಲ್ಲ" ಎಂದರು ಅಮ್ಮ. "ನಿನ್ನ ಕಾಲೇಜಿನವರು ಚಹಾಕ್ಕೆ ಬಂದ ದಿನ ತಡ್ಪೆಯನ್ನು ನೀನೇ ಎತ್ತಿ ಅಟ್ಟದಲ್ಲಿ ಇಟ್ಟಿದ್ದೆ. ನಾನು ಹುಡುಕಿ ತೆಗೆಸಿದೆ. ಅವರು ಬರುವವರು, ಸರಿ. ಅದಕ್ಕೆ ನನಗೆ ಬೇಜಾರಿಲ್ಲ. ಆದರೆ ಮಗಾ, ನೀರು ಮುಟ್ಟಬಾರದ ಮನೆಯಲ್ಲಿ ನನಗೆ ಮಾಡಲಿಕ್ಕೆ ಕೆಲಸ ಇಲ್ಲ. ಗುಡಿಸುವುದು ಮೆಷಿನ್, ಒರೆಸುವುದು ವಿನಯಾ. ನೆಲದಲ್ಲಿ ಕುಳಿತರೆ ಹೆದ್ರಿಕೆ, ಎದ್ದರೆ ಹೆದ್ರಿಕೆ. ದೀಪಾವಳಿಯ ತನಕ ಯಾಕೆ? ನಾಳೆ ನನ್ನನ್ನು ಬಸ್ಸಿಗೆ ಕೂರಿಸು. ಮೆಟ್ಟಿಲು ನಾನು ಕುಳಿತು ಕುಳಿತು ಹತ್ತುತ್ತೇನೆ."

ಅವರು ಕೋಪದಿಂದ ಹೇಳಲಿಲ್ಲ. ನಾಳೆ ಹಾಲು ಒಂದು ಪ್ಯಾಕೆಟ್ ಕಡಿಮೆ ಸಾಕು ಎಂದು ಹೇಳುವ ಧ್ವನಿಯಲ್ಲಿ ಹೇಳಿದರು. ನಾನು ತಡ್ಪೆಯನ್ನು ಅಟ್ಟಕ್ಕಿಟ್ಟದ್ದು ನಿಜವಾಗಿತ್ತು. ಒಂದು ದಿನದ ಮಟ್ಟಿಗೆ, ಎಂದುಕೊಂಡಿದ್ದೆ; ತೆಗೆದುಕೊಡಲು ಮರೆತಿದ್ದೆ. ಮರೆತದ್ದೇ ಎಂದು ಈಗ ಖಚಿತವಾಗಿ ಹೇಳಲಾರೆ.

ಆಗ ನನ್ನನ್ನು ಉಳಿಸಿದವನು ಅಬ್ಬಾಸ್. ಅವನು ಎತ್ತಿದ ಹಲಗೆಗಳನ್ನು ಗೋಡೆಗೆ ಒರಗಿಸುತ್ತ, ಯಾರಿಗೆಂದಲ್ಲದೆ ಹೇಳಿದ: "ನಮ್ಮ ಉಮ್ಮ ಕೂಡ ಮಂಚದ ಅಡಿಯಲ್ಲೇ ಇಡ್ತಿದ್ದರು. ಎಲೆಗೆ ನೀರು ಬೇಕು. ಈ ಹಲಗೆಗೆ ನೀರು ಆಗುವುದಿಲ್ಲ. ಎರಡನ್ನೂ ಒಂದೇ ಕೋಣೆಯಲ್ಲಿ ಇಡಲಿಕ್ಕೆ ನನಗೆ ಗೊತ್ತಿಲ್ಲ ಮಾಷ್ಟ್ರೇ. ಹಲಗೆಯನ್ನಾದರೆ ಬಿಚ್ಚಬಹುದು."

"ಬಿಚ್ಚಿದರೆ ಅಡಿಯಲ್ಲಿ ಅದೇ ಜಾರುವ ಟೈಲ್ಸ್."

"ಅದರ ಮೇಲೆ ಬೇರೆ ಕೂರಿಸುವ. ಯಾವುದು ಅಂತ ಅಮ್ಮನೇ ನೋಡಲಿ. ಕುಳಿತುಕೊಳ್ಳುವುದು ಅವರಲ್ಲವಾ."

"ಅಮ್ಮ, ಬಸ್ಸಿಗೆ ಹೋಗುವ" ಎಂದೆ ನಾನು. "ಆದರೆ ಮುಂಡಾಜೆಯ ಬಸ್ಸಲ್ಲ. ಬಿ.ಸಿ. ರೋಡಿನದ್ದು."

ಅಮ್ಮ ನನ್ನನ್ನು ನಂಬದವರಂತೆ ನೋಡಿದರು. ಮರುದಿನ ನಾನು ಕಾಲೇಜಿಗೆ ರಜೆ ಹಾಕಿದ್ದನ್ನು ಕಂಡ ಮೇಲೆ ಸೀರೆ ಬದಲಿಸಿದರು. ಸಿದ್ಧಕಟ್ಟೆಯ ಮೂಲಕ ಹೋಗುವ ಬಸ್ಸಿನಲ್ಲಿ ಕಿಟಕಿಯ ಬದಿ ಕುಳಿತು, ಬಂಟ್ವಾಳದವರೆಗೆ ಹೊರಗೆ ನೋಡುತ್ತಿದ್ದರು.

ಅಂಗಡಿಯಲ್ಲಿ ಎಳೆಯ ಪ್ರಾಯದ ಸೇಲ್ಸ್‌ಮನ್ ಒಬ್ಬರು ನಮ್ಮನ್ನು ಹೊಳೆಯುವ ಟೈಲ್ಸುಗಳ ಕಡೆಗೆ ಕರೆದೊಯ್ದರು. ಅಮ್ಮ ಅಲ್ಲಿ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟು, ಸಾಲಿನಿಂದ ಸಾಲಿಗೆ ಮಾದರಿಗಳ ಮೇಲೆ ಅಂಗಾಲು ಉಜ್ಜಿ ನೋಡುತ್ತ ನಡೆದು, ಕೊನೆಗೆ ಹೊರಗಿನ ಶೆಡ್ಡಿನಲ್ಲಿ ರಾಶಿ ಹಾಕಿದ್ದ ಬೂದು ಬಣ್ಣದ, ಗೆರೆಗೆರೆಯಾದ, ದಪ್ಪ ಬಿಲ್ಲೆಗಳ ಹತ್ತಿರ ನಿಂತರು. ನನ್ನ ಚೀಲದಿಂದ ನೀರಿನ ಬಾಟಲಿಯನ್ನು ತೆಗೆದು, ಅದರ ಮೇಲೆ ಸುರಿದು, ಕಾಲಿಟ್ಟು ಒತ್ತಿದರು.

"ಇದು."

"ಅಮ್ಮ, ಅದು ಪಾರ್ಕಿಂಗ್ ಟೈಲ್ಸ್" ಎಂದರು ಸೇಲ್ಸ್‌ಮನ್. "ಕಾರು ನಿಲ್ಲಿಸುವ ಜಾಗಕ್ಕೆ ಹಾಕುವುದು. ಸರ್, ನಿಮಗೆ ಅಂಗಳಕ್ಕಾ, ಪೋರ್ಟಿಕೋಕ್ಕಾ?"

ಪೋರ್ಟಿಕೋಕ್ಕೆ ಎಂಬ ಶಬ್ದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸೇಲ್ಸ್‌ಮನ್ನಿನ ಹಿಂದೆ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು. ಅವರಲ್ಲಿ ಒಬ್ಬರು ನನ್ನ ವಿದ್ಯಾರ್ಥಿಯೊಬ್ಬನ ತಂದೆಯೆಂದು ತೋರಿತು. ಅಮ್ಮ ಒದ್ದೆ ಕಾಲಿನಲ್ಲಿ ಬಿಲ್ಲೆಯ ಮೇಲೆಯೇ ನಿಂತು ನನ್ನ ಮುಖವನ್ನು ನೋಡುತ್ತಿದ್ದರು.

"ಮನೆಯ ಒಳಗೆ" ಎಂದೆ. "ನಮ್ಮ ಅಮ್ಮನ ಕೋಣೆಗೆ. ಅವರು ಬೀಡಿ ಕಟ್ಟುತ್ತಾರೆ."

ಏನೂ ಆಗಲಿಲ್ಲ. ವಿದ್ಯಾರ್ಥಿಯ ತಂದೆ ಬಾತ್‌ರೂಮಿನ ಟೈಲ್ಸ್ ನೋಡಲು ಮುಂದೆ ಹೋದರು. ಸೇಲ್ಸ್‌ಮನ್ ಮಾತ್ರ ನನ್ನನ್ನು ಬಿಟ್ಟು ಅಮ್ಮನ ಕಡೆಗೆ ತಿರುಗಿದರು. ಒದ್ದೆ ಕಟ್ಟು ಎಲ್ಲಿ ಇಡುತ್ತೀರಿ, ಕಾಲು ಚಾಚಲು ಎಷ್ಟು ಜಾಗ ಬೇಕು, ಗೆರೆ ಇಷ್ಟು ಆಳವಾದರೆ ತೊಡೆಗೆ ಒತ್ತುತ್ತದೆಯಲ್ಲ, ಸಣ್ಣ ಗೆರೆಯದ್ದೂ ಉಂಟು ಎಂದು ವಿಚಾರಿಸತೊಡಗಿದರು. ಅಮ್ಮ ಒಂದೊಂದಕ್ಕೂ ಉತ್ತರ ಹೇಳಿದರು. ನಾಲ್ಕೈದು ತಿಂಗಳಲ್ಲಿ ನನ್ನ ಮನೆಯಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತುಗಳನ್ನು ಅವರು ಆ ಶೆಡ್ಡಿನಲ್ಲಿ ಆಡಿದರೆಂದು ನನಗೆ ಅನ್ನಿಸಿತು. ನಾನು ಚಪ್ಪಲಿ ಮತ್ತು ಕೊಡೆ ಹಿಡಿದುಕೊಂಡು ಕಾದೆ.

ಅಬ್ಬಾಸ್ ಆ ಕೋಣೆಯ ಹಲಗೆಗಳನ್ನು ಬಿಚ್ಚಿ, ಒಳ್ಳೆಯವುಗಳನ್ನು ಮುಂದಿನ ರಿಪೇರಿಗೆಂದು ಅಟ್ಟದಲ್ಲಿಟ್ಟು, ಬೂದು ಬಿಲ್ಲೆಗಳನ್ನು ಕೂರಿಸಿದ. ಅಂಟು ಒಣಗಲು ಎರಡು ದಿನ ಕಾಯಬೇಕೆಂದ. ಮೂರನೆಯ ದಿನ ನಾನು ಕಾಲೇಜಿನಿಂದ ಬರುವಾಗ ಅಮ್ಮ ಸೆರಗು ಸಿಕ್ಕಿಸಿಕೊಂಡು, ಒಂದು ಬಕೆಟ್ ನೀರು ಹೊಯ್ದು, ಕಡ್ಡಿ ಹಿಡಿಸೂಡಿಯಿಂದ ಉಜ್ಜಿ ಹಿಂದಿನ ಬಾಗಿಲಿಗೆ ದೂಡುತ್ತಿದ್ದರು. ಚಾವಡಿಯ ಲ್ಯಾಮಿನೇಟಿಗೆ ನೀರು ಬಾರದಂತೆ ಹೊಸ್ತಿಲಿಗೆ ಅಡ್ಡವಾಗಿ ಹಳೆಯ ಪಂಚೆಯನ್ನು ಅವರೇ ಸುತ್ತಿ ಇಟ್ಟಿದ್ದರು. ನಾನು ಅಡುಗೆಮನೆಯ ಬಾಗಿಲಿನ ಹಾಳೆಯನ್ನು ಕಿತ್ತೆ. ಅಂಟು ಬಣ್ಣವನ್ನೂ ಸ್ವಲ್ಪ ಕಿತ್ತುಕೊಂಡು ಬಂದಿತು.

ದೀಪಾವಳಿಗೆ ಅಕ್ಕ ಬಂದಳು. ಚೀಲ ಇಳಿಸುವ ಮೊದಲೇ ಅಮ್ಮನ ಕೋಣೆಗೆ ಹೋಗಿ ನೆಲ ನೋಡಿದಳು.

"ಕಾರು ನಿಲ್ಲಿಸುವ ಜಾಗದಲ್ಲಿ ಅಮ್ಮನನ್ನು ಕೂರಿಸಿದ್ದೀಯಾ ಮಾರಾಯ?"

ನಾನು ವಿವರಿಸಲು ಬಾಯಿ ತೆರೆದೆ. ಅಮ್ಮ ತಡ್ಪೆಯಿಂದ ತಲೆ ಎತ್ತಲಿಲ್ಲ.

"ಕಾರೇ ಜಾರದಿದ್ದರೆ ನಾನು ಜಾರ್ತೇನಾ? ನೀನು ಕುಳಿತುಕೋ. ಆ ಎಲೆಗೆ ಸ್ವಲ್ಪ ನೀರು ಹಾಕು."

ಅಕ್ಕ ಎರಡು ದಿನ ಇದ್ದಳು. ಅಮ್ಮನ ಕೋಣೆಯಲ್ಲಿ ಚಾಪೆ ಹಾಕಿ ಮಲಗಿದಳು. ಮೂರನೆಯ ದಿನ ಬೆಳಿಗ್ಗೆ ನಾನು ಅವಳನ್ನು ಬಸ್ ನಿಲ್ದಾಣಕ್ಕೆ ಬಿಟ್ಟೆ. ಬೆಳ್ತಂಗಡಿಯ ಬಸ್ಸಿಗೆ ಅವಳು ಒಬ್ಬಳೇ ಹತ್ತಿದಳು.